ಮೂವತ್ತು ಚೀಲ, ನಾಲ್ಕು ಜೇಬು

ಫೆಬ್ರವರಿ ೩, ಸೋಮವಾರ

ಬಂದು ತಲುಪಿದೆ. ಹತ್ತೇ ದಿನ. ಹದಿಮೂರನೇ ತಾರೀಖು ಬೆಳಗಿನ ಬಸ್ಸಿಗೆ ವಾಪಸ್ ಹೊರಡುತ್ತೇನೆಂದು ತಂಗಿಯ ಮಗಳಿಗೆ ಫೋನಿನಲ್ಲೇ ಹೇಳಿದ್ದೆ. ಬಸ್ಸಿಳಿದ ಕೂಡಲೇ ಇನ್ನೊಮ್ಮೆ ಹೇಳಿದೆ. ಊಟಕ್ಕೆ ಕೂತಾಗ ಮತ್ತೆ ಹೇಳಿದ್ದಕ್ಕೆ ಅವಳು ತಟ್ಟೆಯಿಂದ ತಲೆ ಎತ್ತಿ, "ಆಯ್ತು ದೊಡ್ಡಮ್ಮ, ನಿನ್ನನ್ನೇನು ಕಟ್ಟಿಹಾಕ್ತೀನಾ?" ಎಂದಳು.

ಇದು ಸರ್ಕಾರ ಬೇಲಿ ಹಾಕಿ ಕಾಯುತ್ತಿರುವ ಜೌಗು ಪ್ರದೇಶ. ಕಣ್ಣು ಹಾಯಿಸಿದಷ್ಟೂ ಜೊಂಡು, ನಡುನಡುವೆ ನೀರು. ನೀರಂಚಿನಲ್ಲೊಂದು ಹಳೇ ಪಂಪ್‌ಹೌಸು. ಅದನ್ನೇ ಎರಡು ಕೋಣೆ ಮಾಡಿಕೊಂಡು ಇವಳು ಹಕ್ಕಿಗಳ ಸಂಶೋಧನೆ ನಡೆಸುತ್ತಿದ್ದಾಳೆ. ಬಾಗಿಲ ಬಳಿ ಸಾಲಾಗಿ ರಬ್ಬರ್ ಬೂಟುಗಳು, ಮೊಳೆಗೆ ನೇತುಹಾಕಿದ ದುರ್ಬೀನು, ಗೋಡೆಯ ತುಂಬ ಗೆರೆ ಎಳೆದ ಹಾಳೆಗಳು. ನನ್ನ ಹೊಲಿಗೆ ಮಿಷಿನ್ನನ್ನು ಆರು ಗಂಟೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದೇನೆ. ಕಾಲು ಇನ್ನೂ ಜುಮ್ಮೆನ್ನುತ್ತಿದೆ.

ಅವಳಿಗೆ ಬೇಕಾದದ್ದು ಹಕ್ಕಿಗಳನ್ನು ಇಡುವ ಚೀಲ, ಮತ್ತು ಹರಿದ ಬಲೆಗೆ ರಿಪೇರಿ. ನನಗೆ ಬೇಕಾದದ್ದು ಅಣ್ಣನ ಮುಖ ಕಾಣದ ಒಂದು ಜಾಗ. ಇಪ್ಪತ್ತಾರು ವರ್ಷ ಅವನ ಟೈಲರಿಂಗ್ ಅಂಗಡಿಯಲ್ಲಿ ಕೂತು ಕಾಜ ತೆಗೆದೆ, ಗುಂಡಿ ಹಚ್ಚಿದೆ, ಅಂಚು ಮಡಚಿದೆ. ಕಟಿಂಗ್ ಅವನದು. "ನೀನು ಕತ್ತರಿ ಮುಟ್ಟಬೇಡ, ಬಟ್ಟೆ ಹಾಳಾಗುತ್ತೆ" ಎನ್ನುತ್ತಿದ್ದ. ಇರಲಿ, ಅದಕ್ಕೂ ಬೇಜಾರಿರಲಿಲ್ಲ. ಆದರೆ ಅಂಗಡಿಯನ್ನೇ ಔಷಧಿ ಅಂಗಡಿಯವರಿಗೆ ಬಿಟ್ಟುಕೊಡುತ್ತಿದ್ದಾನೆ ಎನ್ನುವುದು ನನಗೆ ಗೊತ್ತಾದದ್ದು ಪ್ಯಾಂಟಿನ ಉದ್ದ ಬಿಡಿಸಿಕೊಳ್ಳಲು ಬಂದ ಗಿರಾಕಿಯ ಬಾಯಿಂದ. ಅಂದಿನಿಂದ ಇಪ್ಪತ್ತೆರಡು ದಿನ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಊಟ, ಮಾತಿಲ್ಲ. ಅವನಿಗೆ ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಕೂತು ಜೋಡಿಸಿಕೊಂಡೆ. ಒಟ್ಟು ಒಂಬತ್ತು ಮಾತು. ಒಂದೊಂದೂ ಸೂಜಿಯ ಹಾಗಿದೆ.

ಫೆಬ್ರವರಿ ೪, ಮಂಗಳವಾರ

ಬೆಳಗಿನಿಂದ ಆರು ಚೀಲ ಹೊಲಿದೆ. ಅಂಗೈ ಎರಡರಷ್ಟಗಲ, ಬಾಯಿಗೆ ಲಾಡಿ. ಬಟ್ಟೆ ನಾನೇ ಕತ್ತರಿಸಿದೆ, ಯಾಕೆಂದರೆ ಇನ್ನಾರೂ ಇರಲಿಲ್ಲ. ಒಳ್ಳೇ ದರ್ಜಿಯ ಕೆಲಸದ ಹಾಗೆ ಹೊಲಿಗೆಯ ಅಂಚೆಲ್ಲ ಒಳಗೆ, ಹೊರಗೆ ನುಣುಪು. ಹೆಮ್ಮೆಯಿಂದ ತೋರಿಸಿದೆ.

ಹುಡುಗಿ ಒಂದನ್ನು ಎತ್ತಿಕೊಂಡು, ಒಳಗೆ ಬೆರಳು ಆಡಿಸಿ, ತುಟಿ ಕಚ್ಚಿಕೊಂಡಳು. "ದೊಡ್ಡಮ್ಮ, ತುಂಬ ಚೆನ್ನಾಗಿದೆ. ಆದ್ರೆ ಉಲ್ಟಾ."

"ಉಲ್ಟಾ ಅಂದ್ರೆ?"

"ಹಕ್ಕಿ ಇರೋದು ಒಳಗಡೆ ತಾನೆ. ದಾರದ ಎಳೆ ಒಳಗಿದ್ರೆ ಅದರ ಉಗುರು ಸಿಕ್ಕಾಕೊಳ್ಳುತ್ತೆ. ನುಣುಪು ಅದಕ್ಕೆ ಬೇಕು, ನೋಡೋರಿಗಲ್ಲ."

ಒಂದು ಕ್ಷಣ ಮುಖ ಕೆಂಪಾಯಿತು. ಆಮೇಲೆ ಚೀಲವನ್ನು ತಿರುಗಿಸಿದೆ. ಅಷ್ಟೇ. ಆರೂ ಸರಿಯಾದವು. ಇಬ್ಬರೂ ನಕ್ಕೆವು, ಅವಳಿಗೆ ಬಿಕ್ಕಳಿಕೆ ಬಂತು. ಜೀವಮಾನವೆಲ್ಲ ಹೊರಗೆ ನೋಡುವವರಿಗಾಗಿ ಹೊಲಿದೆ. ಒಳಗಿರುವವರನ್ನು ಯಾರೂ ಕೇಳಿರಲಿಲ್ಲ. ಬಿಸಿಲಲ್ಲಿ ಮೈ ತುರಿಸಿಕೊಳ್ಳುತ್ತ ಶಾಲೆಗೆ ಹೋದ ಎಷ್ಟು ಮಕ್ಕಳಿಗೆ ನಾನು ಯೂನಿಫಾರಂ ಹೊಲಿದಿಲ್ಲ. ಪಾಪ.

ಫೆಬ್ರವರಿ ೬, ಗುರುವಾರ

ಬಲೆಯ ಕೆಲಸ. ಮಿಸ್ಟ್ ನೆಟ್ ಎನ್ನುತ್ತಾರೆ, ಮಂಜಿನ ಬಲೆ. ಹನ್ನೆರಡು ಮೀಟರ್ ಉದ್ದ, ಎರಡು ಬಿದಿರ ಕಂಬಗಳ ನಡುವೆ ಕಟ್ಟಿದರೆ ಎದುರಿಗೇ ಇದ್ದರೂ ಕಾಣುವುದಿಲ್ಲ. ಎಳೆ ಕೂದಲಿಗಿಂತ ಸಣ್ಣ. ಹಕ್ಕಿ ಬಂದು ಡಿಕ್ಕಿ ಹೊಡೆದು, ಕೆಳಗೆ ಜೋಲುವ ಮಡಿಕೆಯಲ್ಲಿ ಜೋಕಾಲಿಯಲ್ಲಿ ಮಲಗಿದ ಹಾಗೆ ಬೀಳುತ್ತದಂತೆ. ಅದನ್ನು ಬಿಡಿಸಿ, ಕಾಲಿಗೊಂದು ನಂಬರಿನ ಉಂಗುರ ತೊಡಿಸಿ, ತೂಕ ನೋಡಿ, ರೆಕ್ಕೆ ಅಳೆದು ಬಿಡುವುದು. ಮತ್ತೆಲ್ಲಾದರೂ ಯಾರಿಗಾದರೂ ಸಿಕ್ಕರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ತಿಳಿಯುತ್ತದೆ. ಮೂರು ವರ್ಷದಲ್ಲಿ ಇವಳು ಆರುನೂರು ಚಿಲ್ಲರೆ ಹಕ್ಕಿಗೆ ಉಂಗುರ ತೊಡಿಸಿದ್ದಾಳೆ. ಒಂದರ ಸುದ್ದಿಯೂ ಎಲ್ಲಿಂದಲೂ ಬಂದಿಲ್ಲ.

ಬಲೆಯಲ್ಲಿ ಹದಿನೇಳು ತೂತು. ಕೆಲವಂತೂ ನನ್ನ ತಲೆ ತೂರುವಷ್ಟು. "ಜಿಂಕೆ ನುಗ್ಗಿದ್ದು" ಎಂದ ಕಾವಲುಗಾರ. ಇಲ್ಲಿಯ ಕಾವಲು ಅವನದು, ನಿವೃತ್ತಿಗೆ ಎರಡು ವರ್ಷ ಇದೆ. ಎಲ್ಲದಕ್ಕೂ "ಮೆತ್ತಗೆ, ಮೆತ್ತಗೆ" ಎನ್ನುತ್ತಾನೆ, ಹಾಗೆನ್ನುತ್ತಲೇ ಬಕೆಟ್ಟು ಒದೆಯುತ್ತಾನೆ, ಬಾಗಿಲು ಬಡಿಯುತ್ತಾನೆ. ಹುಡುಗಿ ಅವನಿಗಿಟ್ಟ ಹೆಸರು ಮೆತ್ತಗಣ್ಣ.

ಸಂಜೆಯ ಹೊತ್ತಿಗೆ ಹದಿನೇಳೂ ತೂತು ಮುಚ್ಚಿದೆ. ಹುಡುಗಿ ಬಲೆಯನ್ನು ಬೆಳಕಿಗೆ ಹಿಡಿದು ಎಲ್ಲಿ ಹೊಲಿದದ್ದೆಂದು ಹುಡುಕಿದಳು, ಸಿಗಲಿಲ್ಲ. ನನಗೂ ಸಿಗಲಿಲ್ಲ. ನನ್ನ ಕೆಲಸ ನನಗೇ ಸಿಗದೆ ಹೋದ ಖುಷಿ ಎಂಥದ್ದೆಂದು ಬರೆಯಲು ಬರುವುದಿಲ್ಲ.

ಅಣ್ಣನ ಫೋನು ಎರಡು ಸಲ. ಎತ್ತಲಿಲ್ಲ. ಒಂಬತ್ತು ಮಾತಿಗೆ ಹತ್ತನೆಯದೊಂದು ಸೇರಿಸಿದ್ದೇನೆ.

ಫೆಬ್ರವರಿ ೯, ಭಾನುವಾರ

ಇವತ್ತು ಹಕ್ಕಿ ತುಂಬಿದ ಚೀಲ ಕೈಯಲ್ಲಿ ಹಿಡಿದೆ.

ಬೆಳಕು ಹರಿಯುವ ಮೊದಲೇ ಬಲೆ ಬಿಚ್ಚಿದ್ದರು. ಅರ್ಧ ಗಂಟೆಗೊಮ್ಮೆ ಬಲೆಗಳ ಸುತ್ತು. ಮೊದಲ ಸುತ್ತಿನಿಂದ ಬಂದ ಹುಡುಗಿ, "ಇದನ್ನ ಹಿಡ್ಕೋ ದೊಡ್ಡಮ್ಮ, ಲಾಡಿ ಬಿಡಬೇಡ" ಎಂದು ಒಂದು ಚೀಲ ಕೊಟ್ಟಳು. ಖಾಲಿ ಚೀಲ ಕೊಟ್ಟಿದ್ದಾಳೆ ಅಂದುಕೊಂಡೆ. ಆಮೇಲೆ ನೋಡಿದರೆ ಅದು ಬಿಸಿಯಾಗಿತ್ತು. ಆಮೇಲೆ ಅದು ಸ್ವಲ್ಪ ಜರುಗಿತು. ನನ್ನ ಬಾಯಿಂದ ಹೊರಟ ಸದ್ದಿಗೆ ಮೆತ್ತಗಣ್ಣ, "ಮೆತ್ತಗೆ" ಎಂದ, ಈ ಸಲ ಸರಿಯಾಗಿಯೇ ಹೇಳಿದ.

ಒಂಬತ್ತು ಗ್ರಾಂ. ಕೋಟಿನ ಗುಂಡಿ ನಾಲ್ಕು ಇಟ್ಟರೆ ಅದಕ್ಕಿಂತ ಭಾರ. ಉಲಿಯಕ್ಕಿ ಎನ್ನುತ್ತಾರೆ, ಜೊಂಡಿನಲ್ಲಿರುವ ಕಂದು ಹಕ್ಕಿ. ಒಂಬತ್ತು ಗ್ರಾಮಿನಲ್ಲಿ ಕಣ್ಣು, ಕೊಕ್ಕು, ಹೃದಯ, ಸಿಟ್ಟು ಎಲ್ಲ ಇದೆ. ನನ್ನ ಹೆಬ್ಬೆರಳನ್ನು ಕಚ್ಚಿತು. ನೋಯಲಿಲ್ಲ, ಅದಕ್ಕೆ ಅವಮಾನವಾಗಬಾರದೆಂದು "ಅಯ್ಯೋ" ಎಂದೆ.

ನಾನೀಗ ಬರೆಯುವವಳೂ ಹೌದು. ಹುಡುಗಿ ಅಳತೆ ಕೂಗುತ್ತಾಳೆ, ನಾನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ರೆಕ್ಕೆ ಅರವತ್ತೆರಡು ಮಿಲಿಮೀಟರ್, ಬಾಲ ಐವತ್ತು. ಅಳತೆ ಬರೆಯುವುದು ನನಗೆ ಹೊಸದಲ್ಲ. ಆದರೆ ಈ ಗಿರಾಕಿಗಳಲ್ಲಿ ಯಾರೂ "ಸೊಂಟ ಸ್ವಲ್ಪ ಬಿಗಿ ಮಾಡಿ" ಎನ್ನುವುದಿಲ್ಲ. ಹನ್ನೊಂದು ಹಕ್ಕಿ. ಊಟ ಮಾಡುವಾಗಲೂ ನಗುತ್ತಿದ್ದೆನಂತೆ.

ಫೆಬ್ರವರಿ ೧೦, ಸೋಮವಾರ

ಒಂದು ಸತ್ತಿತು. ಸುತ್ತು ಮುಗಿಸಿ ಬಂದ ಮೇಲೆ ಬಲೆಗೆ ಬಿದ್ದಿದೆ, ಮುಂದಿನ ಸುತ್ತಿಗೆ ಹೋಗುವುದರೊಳಗೆ ಸಣ್ಣ ಹಕ್ಕಿಗಳನ್ನು ಹಿಡಿದು ತಿನ್ನುವ ಕಳಿಂಗ ಹಕ್ಕಿ ಬಂದು ಅದರ ಕುತ್ತಿಗೆ ಕುಕ್ಕಿ ಕೊಂದಿದೆ. ಜನವರಿಯಲ್ಲಿ ಒಂದು ಸತ್ತಿತ್ತಂತೆ. ಇಲ್ಲಿ ಕೆಲಸ ಮಾಡಲು ವನಾಧಿಕಾರಿ ಕೊಟ್ಟಿರುವ ಅನುಮತಿ ಪತ್ರದಲ್ಲಿದೆ: ಒಂದು ಋತುವಿನಲ್ಲಿ ಮೂರು ಹಕ್ಕಿ ಸತ್ತರೆ ಬಲೆ ಮಡಚಿ ಹೊರಡಬೇಕು.

ಹುಡುಗಿ ಸಾಮಾನಿನ ಕೋಣೆಯಲ್ಲಿ ಕೂತು ಅತ್ತಳು. ಪಕ್ಕದಲ್ಲಿ ಕೂತೆ. "ನಿಯಮ ಸರಿಯಾಗೇ ಇದೆ ದೊಡ್ಡಮ್ಮ. ನಾನು ಬಲೆ ಕಟ್ಟದೇ ಇದ್ದಿದ್ರೆ ಅದು ಬದುಕಿರ್ತಿತ್ತು" ಎಂದಳು.

ನಾಳೆಯಿಂದ ಸುತ್ತು ಕಾಲು ಗಂಟೆಗೊಮ್ಮೆ. ನಡುವಿನ ಸುತ್ತು ನನ್ನದು. ಹೋಗಿ ನೋಡುವುದು, ಏನಾದರೂ ಬಿದ್ದಿದ್ದರೆ ಕೂಗುವುದು. ಮುಟ್ಟುವ ಹಾಗಿಲ್ಲ; ಅನುಮತಿ ಪತ್ರದಲ್ಲಿ ಹೆಸರಿರುವವರು ಮಾತ್ರ ಮುಟ್ಟಬಹುದು.

ಫೆಬ್ರವರಿ ೧೩, ಗುರುವಾರ

ಬೆಳಗ್ಗೆ ಹನ್ನೆರಡು ಸುತ್ತು ನಡೆದೆ. ನನ್ನ ಪಾದಕ್ಕೆ ಇಲ್ಲಿಯ ಬೂಟು ಎರಡು ಸೈಜು ದೊಡ್ಡದು, ಒಳಗೆ ಬಟ್ಟೆ ಚೂರು ತುರುಕಿದ್ದೇನೆ. ನಡೆದರೆ ಪಚಕ್ ಪಚಕ್ ಎನ್ನುತ್ತದೆ. ಮೂರನೇ ಬಲೆಯಲ್ಲಿ ಮಿಂಚುಳ್ಳಿ ಬಿದ್ದಿತ್ತು. ಆ ನೀಲಿ ಬಣ್ಣದ ಬಟ್ಟೆಯನ್ನು ಯಾವ ಗಿರಣಿಯವರೂ ಇನ್ನೂ ನೇಯ್ದಿಲ್ಲ, ನೇಯ್ದರೆ ಅದನ್ನು ಕತ್ತರಿಸಲು ನನಗೆ ಮನಸ್ಸು ಬಾರದು. ಕೂಗಿದೆ. ಹುಡುಗಿ ಓಡಿಬಂದಳು. ಬಿಡಿಸುವಾಗ ಅದು ಅವಳ ಅಂಗಿಯ ಮೇಲೆ ಮೀನಿನ ಮುಳ್ಳು ಕಕ್ಕಿತು. ಅವಳು ಆ ಮುಳ್ಳನ್ನೂ ಎತ್ತಿಟ್ಟುಕೊಂಡು ಹೆಸರು ಬರೆದು ಡಬ್ಬಿಗೆ ಹಾಕಿದಳು. ಇವರ ಶಾಸ್ತ್ರದಲ್ಲಿ ವಾಂತಿಗೂ ಒಂದು ಖಾನೆ ಇದೆ.

ಮೇಲೆ ತಾರೀಖು ಬರೆಯುವಾಗ ಇವತ್ತು ಏನೋ ಇತ್ತಲ್ಲ ಅನ್ನಿಸಿತು. ಯೋಚಿಸಿದೆ, ನೆನಪಾಗಲಿಲ್ಲ.

ಫೆಬ್ರವರಿ ೧೬, ಭಾನುವಾರ

ಹಕ್ಕಿಯನ್ನು ಮುಟ್ಟುವ ಹಾಗಿಲ್ಲ, ಸರಿ. ಕಾಲುಚೀಲ ಮುಟ್ಟಬಹುದಲ್ಲ?

ಮೆತ್ತಗಣ್ಣ ತನ್ನ ಹಳೇ ಕಾಲುಚೀಲ ಉಂಡೆ ಮಾಡಿ, ಅದಕ್ಕೆ ಎರಡು ಕಡ್ಡಿ ಸಿಕ್ಕಿಸಿ ಕಾಲು ಮಾಡಿ, ಹಳೇ ಬಲೆಯೊಂದಕ್ಕೆ ಎಸೆದ. ಅದು ಸಿಕ್ಕಿಕೊಂಡಿತು. "ಬಿಡಿಸಿ ನೋಡೋಣ" ಎಂದ. ಹುಡುಗಿ ಹೇಳಿಕೊಟ್ಟಳು: ಮೊದಲು ಅದು ಯಾವ ಕಡೆಯಿಂದ ಬಂತೆಂದು ನೋಡಬೇಕು, ಆ ಕಡೆಯಿಂದಲೇ ವಾಪಸ್ ತರಬೇಕು. ಮೊದಲು ಕಾಲು, ಆಮೇಲೆ ಹೊಟ್ಟೆ, ಆಮೇಲೆ ರೆಕ್ಕೆ, ಕೊನೆಗೆ ತಲೆ. ಎಳೆಯಬಾರದು. ಎಳೆದಷ್ಟೂ ಗಂಟು ಬಿಗಿಯುತ್ತದೆ.

ಇದನ್ನು ನನಗೆ ಹೇಳಿಕೊಡಬೇಕೇ? ಇಪ್ಪತ್ತಾರು ವರ್ಷ ಬಾಬಿನ್ನಿನ ದಾರದ ಜಗಳ ಬಿಡಿಸಿದ ಕೈ ಇದು. ಹನ್ನೆರಡು ಸೆಕೆಂಡು. ಮೆತ್ತಗಣ್ಣ ಮತ್ತೆ ಎಸೆದ, ಈ ಸಲ ಹೊಟ್ಟೆಕಿಚ್ಚಿಗೆ ತಿರುಚಿ ಎಸೆದ. ಹದಿನೈದು ಸೆಕೆಂಡು. ಊಟದ ಹೊತ್ತಿನವರೆಗೆ ನಲವತ್ತು ಸಲ ಆ ಕಾಲುಚೀಲವನ್ನು ಹಿಡಿದು, ತೂಕ ನೋಡಿ, ಹಾರಿಬಿಟ್ಟೆವು. ಅದಕ್ಕೆ ಉಂಗುರವನ್ನೂ ತೊಡಿಸೋಣ ಎಂದು ನಾನು ಹೇಳಿದಾಗ ಹುಡುಗಿ ನೆಲದ ಮೇಲೆ ಕೂತುಬಿಟ್ಟಳು, ಹೊಟ್ಟೆ ಹಿಡಿದುಕೊಂಡು. ಫೆಬ್ರವರಿ ಹತ್ತರ ನಂತರ ಅವಳು ನಕ್ಕದ್ದು ಇದೇ ಮೊದಲು.

ಫೆಬ್ರವರಿ ೧೯, ಬುಧವಾರ

ಚೀಲ ಮೂವತ್ತಾಯಿತು. ಫೋನನ್ನು ಎಲ್ಲೋ ಇಟ್ಟು ಎರಡು ದಿನ ಹುಡುಕಿದೆ, ಗುಂಡಿಯ ಡಬ್ಬಿಯಲ್ಲಿತ್ತು. ಅಣ್ಣನ ಕರೆ ಏಳು. ಮಾಡುತ್ತೇನೆ ಎಂದುಕೊಂಡೆ, ಅಷ್ಟರಲ್ಲಿ ಸುತ್ತಿಗೆ ಹೊತ್ತಾಯಿತು.

ಫೆಬ್ರವರಿ ೨೨, ಶನಿವಾರ

ವನಾಧಿಕಾರಿಯ ಕಚೇರಿಯಿಂದ ಪತ್ರ ಬಂದಿದೆ. ಮಂಗಳವಾರ ಬೆಳಗ್ಗೆ ಪರಿಶೀಲನೆಗೆ ಬರುತ್ತಾರೆ. ತಿಂಗಳ ಕೊನೆಗೆ ಅನುಮತಿ ಮುಗಿಯುತ್ತದೆ, ಮುಂದುವರಿಸುವುದು ಅವರಿಗೆ ಬಿಟ್ಟದ್ದು. ಪತ್ರದಲ್ಲಿ ಇನ್ನೊಂದು ವಿಷಯವಿದೆ. ಪೂರ್ವದ ಬದಿಯ ಜೊಂಡು ಕೊಯ್ದು ದೋಣಿಕಟ್ಟೆ ಮಾಡುವ ಪ್ರಸ್ತಾವ ಬಂದಿದೆಯಂತೆ. ಆ ಜೊಂಡು ಹಕ್ಕಿಗಳಿಗೆ ಬೇಕೇಬೇಕು ಎನ್ನುವುದಕ್ಕೆ ನಿಮ್ಮ ಬಳಿ ಆಧಾರವಿದ್ದರೆ ತೋರಿಸಿ ಎಂದಿದ್ದಾರೆ.

"ಅಂಬರಗುಬ್ಬಿಗಳು ಸಾವಿರಗಟ್ಟಲೆ ಅಲ್ಲೇ ತಂಗೋದು ದೊಡ್ಡಮ್ಮ. ಎಲ್ಲಿಂದಲೋ ಬಂದು, ಇಲ್ಲಿ ಸುಧಾರಿಸಿಕೊಂಡು, ಎಲ್ಲಿಗೋ ಹೋಗ್ತವೆ. ನಂಗೆ ಗೊತ್ತು. ಆದ್ರೆ 'ಎಲ್ಲಿಂದಲೋ' ಅಂತ ಬರೆದುಕೊಟ್ರೆ ಯಾರು ಒಪ್ತಾರೆ?"

"ನಿನ್ನ ಆರುನೂರು ಉಂಗುರದಲ್ಲಿ ಒಂದಾದ್ರೂ..."

"ಒಂದೂ ಇಲ್ಲ."

ಕಿಟಕಿಗೆ ಪರದೆ ಹೊಲಿದೆ. ಸಾಹೇಬರು ಬಂದಾಗ ಕೋಣೆ ಕೋಣೆಯ ಹಾಗಿರಲಿ.

ಫೆಬ್ರವರಿ ೨೫, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ವನಾಧಿಕಾರಿ ಆರೂವರೆಗೇ ಬಂದರು. ಬೆನ್ನಿಗೆ ಗಜಕಡ್ಡಿ ಕಟ್ಟಿಕೊಂಡ ಹಾಗೆ ನಿಲ್ಲುವ ಮನುಷ್ಯ. ಮೈಮೇಲೆ ಹಸಿರು ಕೋಟು. ಭುಜದ ಹೊಲಿಗೆ ಒಂದಿಂಚು ಕೆಳಗಿಳಿದಿತ್ತು, ಬಲತೋಳು ಎಡಗಡೆಯದಕ್ಕಿಂತ ಉದ್ದ; ಆದರೆ ಜೇಬು ನಾಲ್ಕೂ ಲಾಯಕ್ಕಾಗಿದ್ದವು. ಆಳವಾಗಿ, ಮುಚ್ಚಳವಿಟ್ಟು, ಒಳಗೆ ಮೆತ್ತನೆಯ ಉಣ್ಣೆ ಅಸ್ತರು. ಅವರು ರಿಜಿಸ್ಟರು ತಿರುವುತ್ತಿದ್ದಾಗ ನಾನು ಆ ಜೇಬುಗಳನ್ನೇ ನೋಡುತ್ತಿದ್ದೆ.

"ಸತ್ತದ್ದು ಎರಡು" ಎಂದರು.

"ಹೌದು ಸಾರ್" ಎಂದಳು ಹುಡುಗಿ.

"ದೂರದಿಂದ ಬಂದ ಉಂಗುರ?"

"ಇನ್ನೂ ಸಿಕ್ಕಿಲ್ಲ ಸಾರ್."

ಅವರು ರಿಜಿಸ್ಟರು ಮುಚ್ಚಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಏಳು ಗಂಟೆಗೆ ಪೂರ್ವದ ಕಡೆ ಆಕಾಶ ಇದ್ದಕ್ಕಿದ್ದ ಹಾಗೆ ಕಪ್ಪಾಯಿತು. ಮಳೆಯ ಸೂಚನೆಯೇ ಇರಲಿಲ್ಲ. ಹುಡುಗಿ, "ಬಲೆ ಮುಚ್ಚಬೇಕು" ಎಂದು ಎದ್ದಳು. ನಾವು ಮೂವರೂ ಓಡಿದೆವು, ಸಾಹೇಬರು ಹಿಂದೆ. ಹೋಗುವಷ್ಟರಲ್ಲಿ ಗಾಳಿ ಜೊಂಡನ್ನು ಚಾಪೆಯ ಹಾಗೆ ಮಲಗಿಸಿತು, ಜೊಂಡಿನೊಳಗಿದ್ದ ಅಂಬರಗುಬ್ಬಿಗಳ ಹಿಂಡು ಎದ್ದು, ಗಾಳಿಯ ಹೊಡೆತಕ್ಕೆ ಮೇಲೇರಲಾರದೆ ತಗ್ಗಿನಲ್ಲೇ ನುಗ್ಗಿ, ಎರಡನೇ ಮತ್ತು ಮೂರನೇ ಬಲೆಗೆ ಒಟ್ಟಿಗೆ ಬಿತ್ತು. ಬಲೆ ಕಂಬದಿಂದ ಕಂಬಕ್ಕೆ ಹಕ್ಕಿಮಯ. ಮೇಲೆ ಮಳೆ ಶುರು.

ನೆಂದ ಹಕ್ಕಿ ಚಳಿಗೆ ಅರ್ಧ ಗಂಟೆಯಲ್ಲಿ ಸತ್ತುಹೋಗುತ್ತದೆ. ಹುಡುಗಿ ಒಂದು ತುದಿಯಿಂದ ಬಿಡಿಸತೊಡಗಿದಳು, ಮೆತ್ತಗಣ್ಣ ಇನ್ನೊಂದು ತುದಿಯಿಂದ; ಅವನ ಹೆಸರೂ ಅನುಮತಿ ಪತ್ರದಲ್ಲಿದೆ, ಆದರೆ ಬೆರಳು ಬಾಳೆಹಣ್ಣಿನ ಗಾತ್ರ. ನಾನು ನಡುವೆ ಚೀಲ ಹಿಡಿದು ನಿಂತಿದ್ದೆ. ನನ್ನ ಮೂಗಿನ ಮುಂದೆ ಒಂದು ಹಕ್ಕಿ ಕುತ್ತಿಗೆಗೆ ಮೂರು ಎಳೆ ಸುತ್ತಿಕೊಂಡು ಬಾಯಿ ತೆರೆದಿತ್ತು.

"ಹುಡುಗಿ, ಇಲ್ಲೊಂದು ಉಸಿರು ಕಟ್ತಿದೆ" ಎಂದೆ.

ಅವಳ ಎರಡೂ ಕೈ ತುಂಬಿತ್ತು. ನನ್ನತ್ತ ನೋಡಿದಳು, ಸಾಹೇಬರತ್ತ ನೋಡಿದಳು.

ನಾನು ಚೀಲಗಳನ್ನು ಸಾಹೇಬರ ಕೈಗೆ ಕೊಟ್ಟೆ. "ಹಿಡ್ಕೊಳ್ಳಿ" ಎಂದೆ. ಎಡಗಡೆಯಿಂದ ಬಂದಿದೆ. ಕಾಲು. ಹೊಟ್ಟೆ. ರೆಕ್ಕೆ. ತಲೆ. ಕುತ್ತಿಗೆಯ ಎಳೆಗೆ ಉಗುರಿನ ತುದಿ ಕೊಟ್ಟು ಜಾರಿಸಿದೆ. ಹಕ್ಕಿ ಕೈಗೆ ಬಂತು. "ಬಾಯಿ ತೆಗೀರಿ" ಎಂದೆ. ಅವರು ತಮ್ಮ ಬಾಯಿ ತೆರೆದರು. "ಚೀಲದ್ದು ಸಾಹೇಬ್ರೇ."

ಅಲ್ಲಿಂದಾಚೆ ಎಣಿಕೆ ಇಲ್ಲ. ನಾನು ಬಿಡಿಸುವುದು, ಅವರು ಚೀಲ ಹಿಡಿಯುವುದು, ಲಾಡಿ ಎಳೆಯುವುದು. ಮೂವತ್ತು ಚೀಲವೂ ತುಂಬಿತು. ಬಲೆಯಲ್ಲಿ ಇನ್ನೂ ಹಕ್ಕಿ. ಮೆತ್ತಗಣ್ಣ ತನ್ನ ಬುತ್ತಿಯ ಬಟ್ಟೆಚೀಲದಿಂದ ಡಬ್ಬಿ ತೆಗೆದು ನೀರಿಗೆಸೆದ. ಅದರಲ್ಲಿ ಮೂರು ಹಿಡಿಸಿದವು. ನಾನು ತಿರುಗಿ ಆ ನಾಲ್ಕು ಜೇಬು ನೋಡಿದೆ.

"ಸಾಹೇಬ್ರೇ, ಜೇಬಲ್ಲಿ ಏನಿದೆ?"

"ಯಾಕೆ? ಕನ್ನಡಕ. ಕರವಸ್ತ್ರ. ಎರಡು ಪೆಪ್ಪರ್‌ಮೆಂಟು."

"ತೆಗೀರಿ."

ತೆಗೆದರು. ಎಂಟು ಹಕ್ಕಿ, ಜೇಬಿಗೆ ಎರಡರಂತೆ. ಮುಚ್ಚಳ ಹಾಕಿ ಗುಂಡಿ ಹಾಕಿದೆ. "ಕೂರಬೇಡಿ, ಬಗ್ಗಬೇಡಿ, ಕೈ ಕೆಳಗೆ ಬಿಡಬೇಡಿ" ಎಂದೆ. ಅವರು ಎರಡೂ ಕೈಯನ್ನು ಅಗಲಿಸಿ, ಬೆದರುಬೊಂಬೆಯ ಹಾಗೆ, ಪಂಪ್‌ಹೌಸಿನವರೆಗೂ ನಡೆದುಬಂದರು. ಹಿಂದಿನಿಂದ ಮೆತ್ತಗಣ್ಣ, "ಮೆತ್ತಗೆ ಸಾರ್, ಮೆತ್ತಗೆ" ಎನ್ನುತ್ತ ಕೆಸರಿನಲ್ಲಿ ಜಾರಿಬಿದ್ದ.

ಕೊನೆಗೆ ಬಿಡಿಸಿದ ಒಂದು ಹಕ್ಕಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಕಣ್ಣು ಮುಚ್ಚಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮೂರನೆಯದು ಇದೇ ಎಂದುಕೊಂಡೆ. ಸ್ವೆಟರಿನೊಳಗೆ ಎದೆಗೆ ಒತ್ತಿಕೊಂಡು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ತಗಡಿನ ಮೇಲೆ ಮಳೆ. ನನ್ನ ಎದೆಬಡಿತವೋ ಅದರದೋ ಗೊತ್ತಾಗದೆ ಉಸಿರು ಹಿಡಿದು ನೋಡಿದೆ, ಮತ್ತೆ ಬಿಟ್ಟು ನೋಡಿದೆ. ಇಪ್ಪತ್ತು ನಿಮಿಷವಾಗಿರಬೇಕು. ಆಮೇಲೆ ಅದು ನನ್ನನ್ನು ಪರಚಿತು. ಕುತ್ತಿಗೆಯಿಂದ ಹೊಟ್ಟೆಯವರೆಗೆ, ಒಳಗೆಲ್ಲ ಓಡಾಡಿ. ನಾನು ಕುಣಿದೆ. ಹುಡುಗಿ ಅಳುತ್ತ ನಗುತ್ತಿದ್ದಳು. ಸಾಹೇಬರು ಕೋಣೆಯ ನಡುವೆ ಕೈ ಅಗಲಿಸಿಕೊಂಡೇ, "ನನ್ನ ಎಡಗಡೆ ಕೆಳಗಿಂದು ತಿರುಗ್ತಾ ಇದೆ" ಎಂದು ಪಿಸುಗುಟ್ಟಿದರು.

ಮಳೆ ನಿಂತಿತು. ಒಂದೊಂದೇ ತೂಗಿ, ಅಳೆದು, ಉಂಗುರ ತೊಡಿಸಿ ಬಿಟ್ಟೆವು. ಚೀಲದವು ಮುಗಿದವು, ಬುತ್ತಿಯವು ಮುಗಿದವು, ಸ್ವೆಟರಿನದೂ ಹೋಯಿತು. ಕೊನೆಗೆ ಜೇಬುಗಳು. ಎಡಗಡೆಯ ಕೆಳಗಿನ ಜೇಬಿನಿಂದ ತೆಗೆದದ್ದನ್ನು ಹಿಡಿದು ಹುಡುಗಿ ಉಂಗುರದ ಇಕ್ಕಳ ಎತ್ತಿದಳು. ಹಾಗೇ ನಿಂತಳು.

"ಇದಕ್ಕೆ ಆಗಲೇ ಇದೆ" ಎಂದಳು.

"ನೀನೇ ಹಾಕಿದ್ದಾ?"

"ನಂದಲ್ಲ." ಅವಳು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಓದಿದೆ. ಎರಡು ಅಕ್ಷರ, ಐದು ಅಂಕಿ, ಕೆಳಗೆ ಯಾವುದೋ ಪರದೇಶದ ಊರಿನ ಹೆಸರು. ಅಂಕಿಗಳನ್ನು ಮೂರು ಸಲ ಓದಿದೆ, ಸಾಹೇಬರು ಕನ್ನಡಕ ಹಾಕಿಕೊಂಡು ನಾಲ್ಕನೇ ಸಲ ಓದಿದರು.

ಒಟ್ಟು ನಲವತ್ತೆರಡು ಹಕ್ಕಿ. ಸತ್ತದ್ದು ಒಂದೂ ಇಲ್ಲ.

ಹೊರಡುವಾಗ ಸಾಹೇಬರು ಬಾಗಿಲಲ್ಲಿ ನಿಂತರು. "ಅನುಮತಿ ಪತ್ರದಲ್ಲಿ ನಿಮ್ಮ ಹೆಸರಿಲ್ಲ" ಎಂದರು ನನಗೆ.

"ಇಲ್ಲ ಸಾಹೇಬ್ರೇ."

"ನನ್ನದೂ ಇಲ್ಲ" ಎಂದು ಜೇಬು ತಟ್ಟಿ ನೋಡಿ, ಒಳಗೆ ಬೆರಳು ಹಾಕಿ, ಬೆರಳನ್ನು ಹೊರತೆಗೆದು ನೋಡಿಕೊಂಡರು. ಎಂಟು ಹಕ್ಕಿ ಒಂದು ಗಂಟೆ ಕೂತ ಜೇಬು ಹೇಗಿರುತ್ತದೋ ಹಾಗಿತ್ತು. ಕೋಟು ಒಗೆದು, ತೋಳು ಸರಿಮಾಡಿ ಕೊಡುತ್ತೇನೆಂದು ಇಸಿದುಕೊಂಡಿದ್ದೇನೆ.

ಫೆಬ್ರವರಿ ೨೬, ಬುಧವಾರ

ನಿದ್ದೆಯಿಂದ ಎದ್ದಾಗಲೇ ನಗುತ್ತಿದ್ದೆ. ಇದಕ್ಕಿಂತ ಹೆಚ್ಚಿಗೆ ಬರೆಯುವುದೇನಿಲ್ಲ.

ಮಾರ್ಚ್ ೧, ಶನಿವಾರ

ಅನುಮತಿ ಎರಡು ವರ್ಷಕ್ಕೆ ಮುಂದುವರಿಯಿತು. ಪತ್ರದಲ್ಲಿ ಈಗ ಮೂರು ಹೆಸರು. ಮೂರನೆಯದರ ಮುಂದೆ ವೃತ್ತಿ ಎಂಬ ಕಡೆ 'ದರ್ಜಿ' ಎಂದು ಟೈಪು ಮಾಡಿದ್ದಾರೆ. ಸಹಾಯಕಿ ಅಂತಲೂ ಅಲ್ಲ, ದರ್ಜಿಯ ತಂಗಿ ಅಂತಲೂ ಅಲ್ಲ. ಹನ್ನೊಂದು ಸಲ ಓದಿದೆ. ಮೆತ್ತಗಣ್ಣ, "ಸವೆದುಹೋಗುತ್ತೆ, ಮೆತ್ತಗೆ ಓದಿ" ಎಂದ.

ಕೋಟು ಕಳಿಸಿದೆ. ಭುಜವನ್ನೂ ಬಿಚ್ಚಿ ಹೊಸದಾಗಿ ಕೂರಿಸಿದ್ದೇನೆ.

ಮಾರ್ಚ್ ೪, ಮಂಗಳವಾರ

ಉಂಗುರದ ಮೇಲಿದ್ದ ಊರಿಗೆ ಬರೆದದ್ದಕ್ಕೆ ಉತ್ತರ ಬಂತು. ಹುಡುಗಿ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹೊತ್ತು, ಬರಿಗಾಲಲ್ಲಿ, ಕೆಸರಿನಲ್ಲಿ ನಾನಿದ್ದ ನಾಲ್ಕನೇ ಬಲೆಯವರೆಗೆ ಓಡಿಬಂದಳು. ಆ ಹಕ್ಕಿ ಹುಟ್ಟಿದ್ದು ನಾಲ್ಕು ಸಾವಿರದ ಏಳುನೂರು ಕಿಲೋಮೀಟರ್ ದೂರದ ಒಂದು ದನದ ಕೊಟ್ಟಿಗೆಯಲ್ಲಿ. ಗೂಡಿನಲ್ಲಿದ್ದಾಗಲೇ ನಿವೃತ್ತ ಶಾಲಾ ಮೇಷ್ಟರೊಬ್ಬರು ಉಂಗುರ ತೊಡಿಸಿದರಂತೆ. ಎಂಬತ್ತೊಂದು ವರ್ಷ ಅವರಿಗೆ. ಅವರೂ ಪತ್ರದ ಕೆಳಗೆ ಒಂದು ಸಾಲು ಸೇರಿಸಿದ್ದಾರೆ: 'ಅದು ಚೆನ್ನಾಗಿದೆಯೆ?'

"ಏನಂತ ಬರೀಲಿ ದೊಡ್ಡಮ್ಮ?"

"ಹತ್ತೊಂಬತ್ತು ಗ್ರಾಂ ಇತ್ತು, ಅಧಿಕಾರಿಗಳ ಜೇಬಲ್ಲಿ ಕೂತು ಮಳೆ ಕಳೀತು ಅಂತ ಬರಿ."

ಹಾಗೇ ಬರೆದಳು. ವನಾಧಿಕಾರಿಗೂ ಒಂದು ಪ್ರತಿ ಹೋಯಿತು. ಸಂಜೆಗೆ ಅವರ ಫೋನು: ದೋಣಿಕಟ್ಟೆಗೆ ಬೇರೆ ಜಾಗ ನೋಡುತ್ತಾರಂತೆ, ಪೂರ್ವದ ಜೊಂಡು ಹಾಗೇ ಇರುತ್ತದಂತೆ. ಫೋನಿಡುವ ಮುಂಚೆ, ಕೋಟು ಈಗ ಸರಿಯಾಗಿ ಕೂರುತ್ತಿದೆ ಎಂದರು.

ಮಾರ್ಚ್ ೮, ಶನಿವಾರ

ಅಣ್ಣ ಬಂದ.

ಏಳೂ ಕಾಲರ ಸುತ್ತು ಮುಗಿಸಿ ಬರುವಾಗ ಗೇಟಿನ ಬಳಿ ಯಾರೋ ನಿಂತಿದ್ದರು. ಮೆತ್ತಗಣ್ಣ ಅವರನ್ನು ಒಳಗೆ ಬಿಡದೆ ರಿಜಿಸ್ಟರಿನಲ್ಲಿ ಬರೆಯಿರಿ ಎನ್ನುತ್ತಿದ್ದ. ಆ ಮನುಷ್ಯ ಪೆನ್ನು ಹಿಡಿದು ಹಾಳೆಗೆ ಮೂಗು ತಾಗುವಷ್ಟು ಬಗ್ಗಿದ್ದ. ಅಷ್ಟು ಬಗ್ಗಿ ಬರೆಯುವವರು ಯಾರಪ್ಪ ಎಂದು ಹತ್ತಿರ ಹೋದರೆ ಅಣ್ಣ.

"ಫೋನ್ ಎತ್ತಲ್ಲ ನೀನು" ಎಂದ.

"ಗುಂಡಿ ಡಬ್ಬಿಯಲ್ಲಿರುತ್ತೆ" ಎಂದೆ. ನಿಜವನ್ನೇ ಹೇಳಿದೆ, ಆದರೆ ಅವನಿಗೆ ಅರ್ಥವಾಗಲಿಲ್ಲ.

ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂರಿಸಿದೆ. ಟೀ ಕೊಟ್ಟೆ. ಅವನು ಲೋಟವನ್ನು ತಡವಿ ಹಿಡಿದ. ನೀರಿನತ್ತ ತಿರುಗಿ ಹೇಳಿದ: "ನಂಗೆ ಕಣ್ಣು ಕಾಣ್ತಿಲ್ಲ ಕಣೇ. ಎರಡು ವರ್ಷ ಆಯ್ತು. ನಡುವೆ ಮಸಕು. ಗೆರೆ ಹಾಕಿದ್ದು ನಂಗೇ ಕಾಣ್ತಿರಲಿಲ್ಲ, ಅಂದಾಜಿನ ಮೇಲೆ ಕತ್ತರಿಸ್ತಿದ್ದೆ."

"ಗೊತ್ತು" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯ. ಗೊತ್ತಿತ್ತು. ಎರಡು ವರ್ಷದಿಂದ ಅವನು ತಪ್ಪಿ ಕತ್ತರಿಸಿದ ತೋಳುಗಳನ್ನು ಹೊಲಿಗೆಯಲ್ಲಿ ಒಳಗೆಳೆದು ಸರಿಮಾಡುತ್ತಿದ್ದೆ. ಯಾಕೆ ತಪ್ಪುತ್ತಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನೀನು ಸರಿಮಾಡ್ತಿದ್ದೆ ಅಂತ ನಂಗೂ ಗೊತ್ತಿತ್ತು" ಎಂದ. "ಅದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಅದಕ್ಕೇ ಅಂಗಡಿ ವಿಷಯಾನೂ ಹೇಳಲಿಲ್ಲ. ಹೇಳಿದ್ರೆ ಯಾಕೆ ಅಂತ ಕೇಳ್ತಿದ್ದೆಯಲ್ಲ. ತಪ್ಪಾಯ್ತು."

ಅವನಿಗೆ ಹೇಳಬೇಕೆಂದಿದ್ದದ್ದನ್ನು ಹುಡುಕಿದೆ. ಒಂದೆರಡು ಸಿಕ್ಕಿತು, ಉಳಿದವು ಸಿಗಲಿಲ್ಲ, ಸಿಕ್ಕವೂ ಯಾರದೋ ಅಳತೆಗೆ ಹೊಲಿದ ಹಾಗಿದ್ದವು. ಅಷ್ಟರಲ್ಲಿ ಏಳೂ ಮುಕ್ಕಾಲಾಯಿತು.

"ಬೂಟು ಹಾಕ್ಕೋ" ಎಂದೆ.

"ಯಾಕೆ?"

"ಸುತ್ತಿಗೆ ಹೋಗ್ಬೇಕು. ಮಾತಾಡ್ತಾ ಕೂತ್ರೆ ಹಕ್ಕಿ ಕಾಯುತ್ತಾ?"

ಅವನು ನನ್ನ ಹೆಗಲು ಹಿಡಿದು ಕೆಸರಿನ ಹಾದಿಯಲ್ಲಿ ಪಚಕ್ ಪಚಕ್ ಎಂದು ಬಂದ. ಎರಡನೇ ಬಲೆಯಲ್ಲಿ ಒಂದು ಉಲಿಯಕ್ಕಿ. ಬಿಡಿಸಿದೆ. ಅವನಿಗೆ ನನ್ನ ಕೈ ಸರಿಯಾಗಿ ಕಂಡಿತೋ ಇಲ್ಲವೋ, ತಲೆ ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತ ನಿಂತಿದ್ದ. ಕೋಣೆಗೆ ತಂದು ಹುಡುಗಿ ಅಳತೆ ಕೂಗಿದಳು, ನಾನು ಬರೆದೆ, ಅವಳು ಉಂಗುರ ತೊಡಿಸಿದಳು.

"ಮಾವ, ನೀನು ಬಿಡ್ತೀಯಾ?" ಎಂದಳು.

"ನನ್ನ ಕೈಲಿ ಬೇಡಮ್ಮ. ಏನಾದ್ರೂ ಆದ್ರೆ?"

"ಕೈ ಚಾಚು" ಎಂದೆ ನಾನು.

ಹೊರಗೆ ಬಂದೆವು. ಅವನು ಅಂಗೈ ಬಿಡಿಸಿ ಹಿಡಿದ. ಹಕ್ಕಿಯನ್ನು ಅದರ ಮೇಲೆ ಬೆನ್ನು ಕೆಳಗೆ ಮಾಡಿ ಇಟ್ಟು ನನ್ನ ಬೆರಳು ತೆಗೆದೆ. ಹಕ್ಕಿ ಹಾರಲಿಲ್ಲ. ಅಂಗೈ ಮೇಲೆ ಆಕಾಶ ನೋಡುತ್ತ ಅಂಗಾತ ಮಲಗಿತ್ತು. ಅಣ್ಣ ಉಸಿರನ್ನೂ ಬಿಡಲಿಲ್ಲ. ಅವನ ಮುಖವನ್ನು ನಾನು ಇಷ್ಟು ವರ್ಷ ನೋಡಿದ್ದೇನೆ, ಇಷ್ಟು ಚಿಕ್ಕದಾಗಿ ಎಂದೂ ನೋಡಿರಲಿಲ್ಲ.

"ಇದಕ್ಕೇನಾಯ್ತೇ? ಬಿಸಿ ಇದೆ. ಎದೆ ಹೊಡ್ಕೊಳ್ತಾ ಇದೆ. ಯಾಕೆ ಹೋಗ್ತಿಲ್ಲ?"

"ಏನೂ ಆಗಿಲ್ಲ ಅಣ್ಣ. ಕೆಲವು ಹೀಗೇ. ಬಿಟ್ಟಾಗಿದೆ ಅಂತ ಅದಕ್ಕಿನ್ನೂ ಗೊತ್ತಾಗಿಲ್ಲ."

ಕಾದೆವು. ಅಣ್ಣ, "ಮನೆಗೆ ಯಾವಾಗ ಬರ್ತೀಯ?" ಎಂದು ಕೇಳಿದ, ಹಕ್ಕಿಗೆ ಕೇಳಿಸಬಾರದೆನ್ನುವಷ್ಟು ಮೆಲ್ಲಗೆ. ಏಪ್ರಿಲ್ ಮಧ್ಯದವರೆಗೆ ಹಕ್ಕಿಗಳಿರುತ್ತವೆ, ಆಮೇಲೆ ಒಂದು ತಿಂಗಳು ಬಂದು ನಿನ್ನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅಕ್ಟೋಬರಿಗೆ ಮತ್ತೆ ಇಲ್ಲಿಗೆ ಬರಬೇಕು ಎಂದೆ. ಇದನ್ನೆಲ್ಲ ನಾನು ಯಾವಾಗ ತೀರ್ಮಾನಿಸಿದೆನೋ ತಿಳಿಯದು, ಬಾಯಿಗೆ ಸಲೀಸಾಗಿ ಬಂತು. ಅವನು "ಹೂಂ" ಎಂದ.

ಆಗ ಹಕ್ಕಿ ಒಮ್ಮೆ ಹೊರಳಿ ಕಾಲ ಮೇಲೆ ನಿಂತಿತು. ಮರುಕ್ಷಣ ಅಂಗೈ ಖಾಲಿ. ಅಣ್ಣ ಕೈ ಹಾಗೇ ಹಿಡಿದುಕೊಂಡು, ಅದು ಯಾವ ಕಡೆಗೆ ಹೋಯಿತೆಂದು ಕೇಳಿದ. ಜೊಂಡಿನತ್ತ ಎಂದು ಹೇಳಿ ಅವನ ಮುಖವನ್ನು ಆ ಕಡೆ ತಿರುಗಿಸಿದೆ.

ಎಂಟೂ ಕಾಲಾಗಿತ್ತು. ನಡುವಿನ ಸುತ್ತು ನನ್ನದು. ಹೋದೆ.